ಕನ್ನಡಕ ಮರೆತವರು

"ಕನ್ನಡಕ ಮರೆತು ಬಂದೆ, ಸ್ವಲ್ಪ ಓದಿ ಹೇಳ್ತೀಯಾ ಮಗೂ?"
ಔಷಧಿ ಅಂಗಡಿಯ ಕಟ್ಟೆಗೆ ಮೊಣಕೈ ಊರಿ
ಯಾರಾದರೂ ಹೀಗೆ ಕೇಳಿದರೆ
ನಾನವರ ಮುಖ ನೋಡುವುದಿಲ್ಲ.

ನಮ್ಮಜ್ಜ ಎಲ್ಬರ್ಟ್ ಸ್ಟಾಂಪರ್
ಮೂವತ್ತು ವರ್ಷ ಕನ್ನಡಕ ಮರೆತ.
ಬ್ಯಾಂಕಿನಲ್ಲಿ ಮರೆತ,
ಚರ್ಚಿನಲ್ಲಿ ಹಾಡಿನ ಪುಸ್ತಕ ಕೈಗೆ ಬಂದಾಗ ಮರೆತ,
ಅಜ್ಜಿ ಹೋದ ದಿನ ಆಸ್ಪತ್ರೆಯ ಕಾಗದದ ಮುಂದೆ
ಪೆನ್ನು ಹಿಡಿದು ನಿಂತು, ಮರೆತ.
ಗುಡ್ಡದಾಚೆ ಜಿಂಕೆ ಕಿವಿ ಅಲ್ಲಾಡಿಸಿದರೆ
ಯಾವ ಕಿವಿ ಎಂದು ಹೇಳುತ್ತಿದ್ದ ಕಣ್ಣು.

ಒಂಬತ್ತು ವರ್ಷದವಳು ನಾನು, ಪಾಪ ಅಜ್ಜ ಎಂದುಕೊಂಡು
ಮನೆಯಿಡೀ ಹುಡುಕಿದೆ:
ಮೊಳೆಯ ಡಬ್ಬ, ಹಾಸಿಗೆಯಡಿ, ಸತ್ತ ನಾಯಿಯ ಪಟ್ಟಿ ಇಟ್ಟಿದ್ದ ಅರೆ.
ಆ ಮನೆಯಲ್ಲಿ ಕನ್ನಡಕವೇ ಇರಲಿಲ್ಲ.
ಅಂದಿನಿಂದ ನಾನೂ ಅವನ ಜೊತೆ ಮರೆಯತೊಡಗಿದೆ.

ಹತ್ತನೇ ತರಗತಿಯವರೆಗೆ ಅಕ್ಷರ ಕೂಡಿಸದೆ ಹೇಗೆ ಬಂದ?
ಹಿಂದಿನ ಬೆಂಚು. ಒಳ್ಳೆಯ ನಡತೆ.
ಫೆಬ್ರುವರಿಯಲ್ಲಿ ಗಣಿಯ ಛಾವಣಿ ಅವರಪ್ಪನ ಕಾಲ ಮೇಲೆ ಕುಸಿಯಿತು,
ಇವನು ಟೋಪಿಗೆ ದೀಪ ಕಟ್ಟಿಕೊಂಡು ಇಳಿದ.
ಅದೇ ಬೆಂಚಿನ ಕ್ಲೆಟಸ್ ನೇಪಿಯರ್ ಹನ್ನೆರಡು ಮುಗಿಸಿ ಇಳಿದ.
ಜಾಣನೇನಲ್ಲ; ಲೆಕ್ಕವನ್ನು ಇವನನ್ನು ನೋಡಿಯೇ ಬರೆಯುತ್ತಿದ್ದವನು.

ಗಣಿ ಮುಚ್ಚುವ ವಾರ ಗೇಟಿಗೊಂದು ನೋಟಿಸು:
ವಿದ್ಯುತ್ ಕಂಬದ ಕೆಲಸ, ತರಬೇತಿ ಉಚಿತ, ಶುಕ್ರವಾರ ಕೊನೆ.
ಗಾಳಿಗೆ ಮರೆಯಾಗಲೆಂದು
ಅಜ್ಜ ಅದೇ ನೋಟಿಸಿನ ಕೆಳಗೆ ಕೂತು
ಶುಕ್ರವಾರದವರೆಗೂ ರೊಟ್ಟಿ ತಿಂದ.

ಆಮೇಲೆ ಸಿಕ್ಕಿದ್ದು, ಬಿಟ್ಟು ಬಂದ ಅದೇ ಶಾಲೆಯಲ್ಲಿ
ನೆಲ ಒರೆಸುವ ಕೆಲಸ.

ನನಗೆ ಹದಿನಾರು. ಡಾಲರ್ ಅಂಗಡಿಯವರು
ಪೂರ್ತಿ ಪಾಳಿ ಕೊಡುತ್ತೇವೆಂದರು.
ಶಾಲೆ ಬಿಡ್ತೀನಿ ಎಂದೆ, ಸಂಜೆ, ಖಾಲಿ ತರಗತಿಯಲ್ಲಿ.
ಬೋರ್ಡಿನ ಮೇಲೆ ಅವನ ಬಟ್ಟೆ ನಿಂತಿತು.
"ಇಲ್ಲೇನಿದೆ, ಓದು."
"ಗುರುವಾರ ಪರೀಕ್ಷೆ. ಪೆನ್ಸಿಲ್ ತನ್ನಿ."
"ಅಷ್ಟೇನಾ?"
"ಅಷ್ಟೇ."
"ಇಪ್ಪತ್ತಾರು ವರ್ಷದಿಂದ ಒರೆಸ್ತಾ ಇದೀನಿ," ಎಂದ,
"ಏನು ಒರೆಸ್ತೀನಿ ಅಂತ ಇವತ್ತು ಗೊತ್ತಾಯ್ತು."
ಬುದ್ಧಿಮಾತು ಹೇಳಲಿಲ್ಲ.
ಬಕೆಟ್ಟಿನ ನೀರು ಚೆಲ್ಲಿ ಬಂದು, ನನ್ನ ಕಡೆ ನೋಡದೆ,
"ನೀನು ಮುಗಿಸು, ನಾನು ಶುರು ಮಾಡ್ತೀನಿ."

ಮಂಗಳವಾರ ಗ್ರಂಥಾಲಯದ ನೆಲಮಾಳಿಗೆ, ಮಿಸ್ ಓಡೆಲ್.
ಉಳಿದ ದಿನ ನಮ್ಮ ಅಡುಗೆಮನೆ, ನನ್ನ ಬೀಜಗಣಿತದ ಎದುರು
ಅವನ ದೊಡ್ಡ ಬೆರಳು, ಒಂದೊಂದೇ ಅಕ್ಷರದ ಕೆಳಗೆ,
ಕತ್ತಲ ಸುರಂಗದಲ್ಲಿ ಕಂಬ ತಡವಿ ನಡೆದಂತೆ.
ಒಂದು ರಾತ್ರಿ ಕೆಮ್ಮಿನ ಸೀಸೆ ದೀಪಕ್ಕೆ ಹಿಡಿದು ಓದಿದ:
"ಕು-ಡಿ-ಯುವ ಮೊದಲು ಚೆನ್ನಾಗಿ ಅ-ಲು-ಗಾ-ಡಿಸಿ."
ನಕ್ಕು ನಕ್ಕು ಕೆಮ್ಮು ಬಂತು.
"ಹನ್ನೊಂದು ವರ್ಷ, ಹುಡುಗಿ! ಬರೀ ಮೇಲಿನ ನೀರು ಕುಡಿದೆ!"

ಅವನಿಗೆ ಯಾವ ಸರ್ಟಿಫಿಕೇಟೂ ಬರಲಿಲ್ಲ,
ನಾಲ್ಕನೇ ತರಗತಿಯ ಪುಸ್ತಕದ ನಡುವೆ ಗರಿ ಇಟ್ಟು ಹೋದ.
ನನ್ನದನ್ನು ಮಾತ್ರ ಓದಿದ್ದ. ಹೆಸರಿನ ನಡುವೆ ತಡವರಿಸಿ,
ಮತ್ತೆ ಮೊದಲಿಂದ.

ಆ ಕಾಗದ ಕೊಡಿಸಿದ್ದು ಈ ಕಟ್ಟೆ, ಈ ಬಿಳಿ ಕೋಟು,
ಸೋರದ ಸೂರು. ಗೆಲುವು ಎನ್ನಬೇಕೋ ಏನೋ.
ಕ್ಲೆಟಸನ ಮೊಮ್ಮಗ ವಕೀಲನಂತೆ.

"ಅಕ್ಷರ ತೀರಾ ಸಣ್ಣದು, ಯಾರಿಗೂ ಕಾಣಲ್ಲ ಬಿಡಿ," ಎನ್ನುತ್ತೇನೆ.
ಪಕ್ಕದವರಿಗೆ ಕೇಳದಷ್ಟು ಮೆಲ್ಲಗೆ ಓದುತ್ತೇನೆ,
ಸೀಸೆಯನ್ನು ಅವರತ್ತ ತಿರುಗಿಸಿ, ಬೆರಳಿಟ್ಟು.
ಮಂಗಳವಾರ, ಸಂಜೆ ಆರಕ್ಕೆ, ನೆಲಮಾಳಿಗೆಯಲ್ಲಿ ಎಂದು
ಚೀಟಿ ಬರೆದು ಕೊಡುವುದಿಲ್ಲ.
ಬಾಯಲ್ಲೇ ಹೇಳುತ್ತೇನೆ.